ಜಿಪ್ಸಿ ಸ್ಟೇರಿಂಗ್ 60ರ ಮ್ಯಾಲೆ ಹುಚ್ಚ ಹಿಡದಂಗ ನಡಗತೈತಿ, ಡ್ಯಾಂಪರ್ ಹಾಕ್ಲೋ ಬ್ಯಾರೆ ಏನರ ನೋಡ್ಲೋ?

ಡೋಣಿದಂಡಿ, ವಿಜಯಪುರ
ನಮಸ್ಕಾರ್ರಿ ಎಲ್ಲಾರಿಗೂ. ನಂದು 2004ರ ಜಿಪ್ಸಿ ಕಿಂಗ್, 1300 ಸಿಸಿ ಎಂಪಿಎಫ್‌ಐ, ಸಾಫ್ಟ್ ಟಾಪ್. ಹಿತ್ತಲದಾಗ ತಗಡಿನ ಶೆಡ್ ಹಾಕೀನಿ, ಆಯಲ್, ಬ್ರೇಕ್, ಕ್ಲಚ್ ಪ್ಲೇಟ್ ತನಕ ಎಲ್ಲಾ ನಾನ ಮಾಡ್ತೀನಿ, ಗ್ಯಾರೇಜಿಗೆ ಒಯ್ಯೋದು ಕಡಿಮಿ. ಮೂರು ತಿಂಗಳ ಹಿಂದ 205/70 ಟಾಯರ್ ತಗದು 235/75 ಆರ್ 15 ಮಡ್ ಟಾಯರ್ ಹಾಕ್ದೆ, ಅವು ಮಡಗಾರ್ಡಿಗೆ ಬಡ್ಯಾಕ ಹತ್ತಿದ್ವು ಅಂತ ನಾಕೂ ಮೂಲ್ಯಾಗ 2 ಇಂಚು ಉದ್ದಂದು ಶ್ಯಾಕಲ್ ಕೂಡ್ಸಿದೆ, ಅಂದ್ರ ಪಾಟಾದ (ಲೀಫ್ ಸ್ಪ್ರಿಂಗಿನ) ತುದಿ ಚಾಸಿಗೆ ಜೋಡ್ಸೋ ಪಟ್ಟಿ. ಶ್ಯಾಕಲ್ ಮಾತ್ರ ಇಲ್ಲೇ ಒಂದ್ ಗ್ಯಾರೇಜನ್ಯಾಗ ಮಾಡ್ಸಿದ್ದು.

ಈಗ ಏನಾಗೇತಂದ್ರ, ಸಿಂದಗಿ ರೋಡಿನ್ಯಾಗ 60-65ರಾಗ ಹೊಂಟಾಗ ಒಂದ್ ಸಣ್ಣ ತಗ್ಗಿಗೆ ಎಡಗಾಲಿ ಬಿತ್ತು, ಅಷ್ಟ. ಸ್ಟೇರಿಂಗ್ ಎಡಕ್ಕ ಬಲಕ್ಕ ಹಿಂಗ ಬಡಕೊಳ್ಳಾಕ ಹತ್ತಿತು, ಕೈಯಾಗ ಹಿಡಿಯಾಕ ಆಗ್ಲಿಲ್ಲ, ಡ್ಯಾಶ್‌ಬೋರ್ಡ್ ಎಲ್ಲಾ ಗಡಗಡ. 30ಕ್ಕ ಇಳಿಸೋತನಕ ನಿಂದರ್ಲಿಲ್ಲ. ಹೆಂಡ್ತಿ, ಸಣ್ಣ ಹುಡುಗಿ ಗಾಡ್ಯಾಗ ಇದ್ರು, ಅವತ್ತಿನಿಂದ ಇಬ್ರೂ ಹತ್ತವಲ್ರು. ಆಮ್ಯಾಲೆ ಒಬ್ಬನ ಹೋದಾಗೂ ಎರಡ್ ಸಲ ಆತು. ಇಬ್ರು ಸ್ಟೇರಿಂಗ್ ಡ್ಯಾಂಪರ್ (ನಡಗೋದು ತಡಿಯೋ ಸಣ್ಣ ಶಾಕ್ ಅಬ್ಸಾರ್ಬರ್) ಹಾಕು ಹೋಗ್ತೈತಿ ಅಂದ್ರು. ಎಳ್ಳ ಅಮಾಸಿಗೆ ಇನ್ನ ಮೂರು ವಾರ, ಚರಗ (ಹೊಲಕ್ಕ ಎಡಿ) ಚೆಲ್ಲಾಕ ಮನಿಮಂದಿನ್ನೆಲ್ಲಾ ಇದ್ರಾಗ ಹೊಲಕ್ಕ ಕರ್ಕೊಂಡ್ ಹೋಗಬೇಕು. ಹೊಲ ಡೋಣಿ ಆಚಿ ದಂಡ್ಯಾಗ. ಏನ್ ಮಾಡ್ಲಿ ಹೇಳ್ರಿ.

ಜಮಖಂಡಿ ಜಿಪ್ಸಿ
ಡ್ಯಾಂಪರ್ ಹಾಕ್ ಅಣ್ಣಾ. ನಂದೂ ಹಂಗ ಇತ್ತು, ಹಾಕಿದ ದಿನದಿಂದ ಬೆಣ್ಣಿ.

ಪಾನಾ ಪಕ್ಕಡ, ಬೆಳಗಾವಿ
ಬ್ಯಾಡ. ಡ್ಯಾಂಪರಿಗೆ ಒಂದ್ ರೂಪಾಯಿ ಖರ್ಚ ಮಾಡಬ್ಯಾಡ ಇನ್ನ. ಎಲ್ಲೋ ಒಂದ್ ಕಡೆ ಪ್ಲೇ (ಸಡ್ಲ ಆಟ) ಐತಿ, ಡ್ಯಾಂಪರ್ ಅದನ್ನ ಮುಚ್ಚತೈತಿ, ಒಳಗ ಸವಿಯೋದು ನಡದ ಇರತೈತಿ. ಡ್ಯಾಂಪರ್ ಒಂದಿನ ಸೋರಿತಂದ್ರ ಅವತ್ತ ಮೊದಲಿಗಿಂತ ಜೋರ್ ಬಡೀತೈತಿ.

ಮೊದ್ಲ ಹುಡುಕು. ಗಾಡಿ ನೆಲದ ಮ್ಯಾಲೆ ಇರಲಿ, ಎಂಜಿನ್ ಬಂದ್, ಒಬ್ರಿಗೆ ಸ್ಟೇರಿಂಗ್ ಎಡಕ್ಕ ಬಲಕ್ಕ ಸ್ವಲ್ಪ ಸ್ವಲ್ಪ ಅಲಗಾಡ್ಸು ಅನ್ನು, ನೀ ಕೆಳಗ ಮಕ್ಕೊಂಡು ಒಂದೊಂದು ಜಾಯಿಂಟಿನ ಮ್ಯಾಲೆ ಕೈ ಇಟ್ಟು ನೋಡು. ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡ್ (ಸ್ಟೇರಿಂಗಿಂದ ಗಾಲಿಗೆ ಹೋಗೋ ರಾಡಿನ ಜಾಯಿಂಟು), ಸ್ಟೇರಿಂಗ್ ಬಾಕ್ಸ್ ಚಾಸಿಗೆ ಹಿಡದಿರೋ ಬೋಲ್ಟ್, ಶ್ಯಾಕಲ್ ಬುಷ್. ಕಣ್ಣಿಗಿಂತ ಕೈಗೆ ಲಗೂನ ಗೊತ್ತಾಗತೈತಿ.

ಆಮ್ಯಾಲೆ ಒಂದೊಂದ ಮುಂದಿನ ಗಾಲಿ ಎತ್ತು. ಗಡಿಯಾರದ 12 ಮತ್ತ 6ರ ಹಂತೇಲಿ ಹಿಡದು ಅಲಗಾಡ್ಸು. ಅಲಗಾಡಿದ್ರ ಎರಡ ಇರ್ತಾವ, ಒಂದ್ ವ್ಹೀಲ್ ಬೇರಿಂಗ್, ಇಲ್ಲಾ ಕಿಂಗ್‌ಪಿನ್, ಅಂದ್ರ ಗಾಲಿ ಎಡಬಲ ತಿರುಗೋ ಕೀಲು. ಬ್ರೇಕ್ ತುಳಿ ಅನ್ನು ಯಾರಿಗರ. ತುಳದಾಗ ಆಟ ನಿಂತ್ರ ವ್ಹೀಲ್ ಬೇರಿಂಗ್, ತುಳದ್ರೂ ಆಡಿದ್ರ ಕಿಂಗ್‌ಪಿನ್. 20 ವರ್ಷದ ಜಿಪ್ಸಿ ಅಂದ್ರ ಕಿಂಗ್‌ಪಿನ್ನ ಇರತೈತಿ ಬರ್ದ್ ಇಟ್ಕೊ.

ಎರಿಹೊಲ, ಬಸವನ ಬಾಗೇವಾಡಿ
ಅದೆಲ್ಲಾ ಖರೆ, ಆದ್ರ ಮೊದ್ಲ ಗಾಲಿ ಒಳಗ ಕೈ ಹಾಕಿ ನೋಡ್ರಿ. ನಮ್ಮ ಎರಿಮಣ್ಣು ರಿಮ್ಮಿನ ಒಳಮೈಗೆ ಹತ್ತಿ ಒಣಗಿತಂದ್ರ ಸಿಮೆಂಟ್ ಆದಂಗ. ನನ್ನ ಜೀಪಿಗೆ ಒಂದ್ ಗಾಲ್ಯಾಗ ಬುಟ್ಟಿ ಅರ್ಧದಷ್ಟ್ ಹೆಂಟಿ ಇತ್ತು, ನಾ ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ ಅಂತ ಎರಡ್ ದಿನ ತಿರುಗಾಡೀನಿ.

ಡೋಣಿದಂಡಿ
ಎರಿಹೊಲ ಅಣ್ಣಾ, ಅದನ್ನ ಮೊದ್ಲ ದಿನಾನ ನೋಡೀನಿ, ಪ್ರೆಶರ್ ಹಚ್ಚಿ ತೊಳದು ಬ್ಯಾಲೆನ್ಸಿಂಗ್ ಮಾಡ್ಸೀನಿ. ಹಂಗ ಐತಿ.

ಪಾನಾ ಪಕ್ಕಡ, ಬೆಳಗಾವಿ
ಬ್ಯಾಲೆನ್ಸ್ ತಪ್ಪಿದ್ದು ಬ್ಯಾರೆ, ಇದು ಬ್ಯಾರೆ. ಬ್ಯಾಲೆನ್ಸಿಂದಾದ್ರ ಒಂದ್ ಸ್ಪೀಡಿಗೆ ಶುರು ಆಗಿ ಸಣ್ಣಗ ನಡಗತೈತಿ, ಸ್ಪೀಡ್ ದಾಟಿದ್ರ ಹೋಗ್ತೈತಿ. ಇಂವ ಹೇಳೋದು ತಗ್ಗಿಗೆ ಬಿದ್ದು ಶುರು ಆಗಿ ತಾನ ಬೆಳಕೋತ ಹೋಗೋದು. ಅದಕ್ಕ ಡೆತ್ ವಾಬಲ್ ಅಂತಾರ, ಹೆಸರು ಸುಮ್ನ ಬಂದಿಲ್ಲ. ಮನಿಮಂದೀನ್ನ ಕೂಡ್ಸಬ್ಯಾಡ ಸದ್ಯ.

ಜಮಖಂಡಿ ಜಿಪ್ಸಿ
ನಾ ಹೇಳಿದ್ದು ತಪ್ಪು ಅನ್ನೋಹಂಗ ಮಾತಾಡಾಕತ್ತೀರಿ. ಎರಡ್ ವರ್ಷ ಆತು ಡ್ಯಾಂಪರ್ ಹಾಕಿ, ಗೋವಾ ತನಕ ಹೋಗಿ ಬಂದೀನಿ. ಏನೂ ಆಗಿಲ್ಲ.

ಪಾನಾ ಪಕ್ಕಡ, ಬೆಳಗಾವಿ
ಒಂದ್ ಕೆಲಸ ಮಾಡು ತಮ್ಮಾ. ನಾಳಿ ಮುಂಜಾನಿ ಡ್ಯಾಂಪರ್ ಒಂದ್ ತುದಿ ಕಳಚಿ, ಗಾಲಿ ಎತ್ತಿ 12-6 ಹಿಡದು ಅಲಗಾಡ್ಸಿ ಇಲ್ಲೇ ಬರಿ. ಜಗಳಕ್ಕಲ್ಲ, ನಿನ್ನ ಗಾಡಿ ಕಾಳಜಿಗೆ ಹೇಳಾಕತ್ತೀನಿ.

ಖಾನಾಪುರದ ಮಳಿ
ಯಾರೂ ಶ್ಯಾಕಲ್ ಮಾತ ಎತ್ತವಲ್ರಿ. ಜಿಪ್ಸಿ ಮುಂದಿನ ಪಾಟಾದ್ದು ಶ್ಯಾಕಲ್ ಮುಂದಿನ ತುದಿಗೆ ಇರತೈತಿ, ಹಿಂದಿನ ತುದಿ ಚಾಸಿಗೆ ಕೂತಿರತೈತಿ. ಮುಂದಿನ ಶ್ಯಾಕಲ್ 2 ಇಂಚು ಉದ್ದ ಮಾಡಿದ್ರ ಪಾಟಾದ ಮೂತಿ ಕೆಳಗ ಹೋಗ್ತೈತಿ, ಅದರ ಕೂಡ ಆಕ್ಸಲ್ಲೂ ಮುಂದಕ್ಕ ಬಗ್ಗತೈತಿ, ಕಿಂಗ್‌ಪಿನ್ನಿನ ತಲಿ ಹಿಂದಕ್ಕ ವಾಲಿರಬೇಕಾದ್ದು ನೆಟ್ಟಗಾಗತೈತಿ. ಅದ ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ನೆನಸ್ಕೊರಿ, ಅದು ವಾರಿ ಇರೋದ್ರಿಂದ ಕೈ ಬಿಟ್ರೂ ಸೈಕಲ್ ನೆಟ್ಟಗ ಹೋಗ್ತೈತಿ. ನೆಟ್ಟಗ ನಿಲ್ಲಿಸಿದ್ರ ಗಾಲಿಗೆ ಎತ್ತ ಹೋಗಬೇಕು ಅನ್ನೋದ ತಿಳಿಯಂಗಿಲ್ಲ.

ಮತ್ತ 2 ಇಂಚು ಶ್ಯಾಕಲ್ಲಿಗೆ ಗಾಡಿ ಏಳೋದು 1 ಇಂಚು ಮಾತ್ರ, ಯಾಕಂದ್ರ ಪಾಟಾದ ಒಂದ ತುದಿ ಇಳೀತೈತಿ, ಆಕ್ಸಲ್ ನಡಕ ಇರತೈತಿ. 1 ಇಂಚಿಗಾಗಿ ಕ್ಯಾಸ್ಟರ್ ಕಳಕೊಂಡಂಗಾತು.

ಫೋನಿನ್ಯಾಗ ಲೆವೆಲ್ ಇರತೈತಲ್ಲ, ಸಪಾಟ ಜಾಗಾದಾಗ ಗಾಡಿ ನಿಲ್ಲಿಸಿ ಕಿಂಗ್‌ಪಿನ್ ಮ್ಯಾಲಿನ ಮುಚ್ಚಳದ ಮ್ಯಾಲೆ ಇಟ್ಟು ಅಳೀರಿ. ಬ್ಯಾರೆ ಯಾರದರ ಏನೂ ಮುಟ್ಟದ ಜಿಪ್ಸಿ ಸಿಕ್ರ ಅದನ್ನೂ ಅಳೀರಿ, ಗೊತ್ತಾಗತೈತಿ.

ಮುಧೋಳ ಕಬ್ಬು
ವೆಜ್ (ಓರೆ ಬೆಣಿ) ಹಾಕಿದ್ರ ಸರಿ ಆಗತೈತಲ್ಲ? ಪಾಟಾ ಮತ್ತ ಆಕ್ಸಲ್ ನಡಕ?

ಖಾನಾಪುರದ ಮಳಿ
ಆಗತೈತಿ, ಜಿಪ್ಸ್ಯಾಗ ಆಕ್ಸಲ್ ಪಾಟಾದ ಮ್ಯಾಲೆ ಕುಂದ್ರತೈತಿ, ಅದಕ್ಕ ವೆಜ್ಜಿನ ದಪ್ಪ ತುದಿ ಮುಂದ ಬರಬೇಕು. ಆದ್ರ ಆಕ್ಸಲ್ ಹಿಂದಕ್ಕ ತಿರುಗಿದ್ರ ಪಿನಿಯನ್ನಿನ (ಪ್ರೊಪೆಲ್ಲರ್ ಶಾಫ್ಟ್ ಬಂದು ಕೂಡೋ ಗೇರಿನ) ಮೂತಿ ಕೆಳಗ ಹೋಗ್ತೈತಿ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡತೈತಿ, 4 ವ್ಹೀಲ್ ಹಾಕಿದಾಗ ಯೂನಿವರ್ಸಲ್ ಜಾಯಿಂಟ್ ಅಳತೈತಿ. ಒಂದ್ ಕಡೆ ಎಳದ್ರ ಇನ್ನೊಂದ್ ಕಡೆ ಹರೀತೈತಿ. ನಾ ಆದ್ರ ಶ್ಯಾಕಲ್ ಕಂಪನಿದ್ದ ವಾಪಸ್ ಹಾಕ್ತಿದ್ದೆ.

ಎರಿಹೊಲ, ಬಸವನ ಬಾಗೇವಾಡಿ
ನಂದೊಂದು ಪ್ರಶ್ನೆ. ಎರ್ಯಾಗ ಓಡ್ಸಾಕ ಅಗಲ ಮಡ್ ಟಾಯರ್ ಯಾಕ ಬೇಕು? ಹಸಿ ಎರಿ ಟಾಯರಿನ ಸಂದ್ಯಾಗ ತುಂಬಿ ಹೊರಗ ಬರಂಗಿಲ್ಲ, ನಾಕ ಸುತ್ತಿಗೆ ಮಡ್ ಟಾಯರೂ ಬೋಳ ಟಾಯರ್ ಆಗತೈತಿ. ಮ್ಯಾಲೆ ಮಡಗಾರ್ಡ್ ಒಳಗ ತುಂಬಿ ಗಾಲೀನ ತಿರುಗವಲ್ದು. ನಮ್ಮಪ್ಪ ಮಳಿ ಆದ ಮೂರು ದಿನ ಚಕ್ಕಡಿ ಹೊಲಕ್ಕ ಇಳಿಸ್ತಿರಲಿಲ್ಲ. ಎರಿ ಆರೋತನಕ ಕಾಯೋದ ಬಿಟ್ರ ಬ್ಯಾರೆ ದಾರಿ ಇಲ್ಲ.

ಮುಧೋಳ ಕಬ್ಬು
ಗಾಳಿ ಇಳಿಸಿದ್ರ ಹೋಗ್ತೈತಿ, ನಾ 16 ಪಿಎಸ್‌ಐಗೆ ಇಳಿಸ್ತೀನಿ.

ಎರಿಹೊಲ, ಬಸವನ ಬಾಗೇವಾಡಿ
ಉಸುಕಿನ್ಯಾಗ ಹೋಗ್ತೈತಿ, ನದಿ ದಂಡ್ಯಾಗ ಹೋಗ್ತೈತಿ. ಮಳಿ ಬಿದ್ದ ಮರುದಿನ ನಮ್ಮ ಹೊಲಕ್ಕ ಬರ್ರಿ, ನೋಡೂಣು.

ಖಾನಾಪುರದ ಮಳಿ
ಟಾಯರಿನ ಲೆಕ್ಕಾನೂ ಮಾಡ್ರಿ. 205/70 ಆರ್ 15ರ ಎತ್ತರ 668 ಎಂಎಂ, 235/75ದ್ದು 733. ಸ್ಪೀಡೋಮೀಟರ್ 60 ತೋರಿಸಿದ್ರ ಗಾಡಿ ಖರೆ ಹೊಂಟಿದ್ದು 66ರ ಹತ್ರ. ಗ್ರೌಂಡ್ ಕ್ಲಿಯರೆನ್ಸ್ ಸಿಗೋದು ಅದರ ಅರ್ಧ, 33 ಎಂಎಂ ಆಜೂಬಾಜು. ಗಾಲಿ ಭಾರ ಆತು, ಬ್ರೇಕ್ ಅವ ಹಳೇವು.

ಇಳಕಲ್ಲ ಕೆಂಪಗಲ್ಲು
ಡೋಣಿದಂಡಿ, ಶ್ಯಾಕಲ್ಲಿನ ತೂತು ಡ್ರಿಲ್ ಹೊಡದಿದ್ದೋ ಗ್ಯಾಸ್ ಕಟಿಂಗ್ ಮಾಡಿದ್ದೋ ನೋಡಿ ಹೇಳ್ರಿ. ಅದ ಭಾಳ ಮುಖ್ಯ.

ಡೋಣಿದಂಡಿ
ಈಗ ನೋಡ್ದೆ. ಗ್ಯಾಸ್ ಕಟಿಂಗ್ ರೀ. ತೂತು ಗುಂಡಗಿಲ್ಲ, ಅಂಚಿಗೆ ಹಲ್ಲ ಹಲ್ಲ ಅದಾವ. ಬೋಲ್ಟ್ ಒಳಗ ಕೈಲೆ ಆಡತೈತಿ. ಇಷ್ಟ ದಿನ ಇದರ ಮ್ಯಾಲೆ ಮಕ್ಕಳನ್ನ ಕೂಡಿಸ್ಕೊಂಡು ತಿರುಗ್ಯಾಡೀನಿ, ಭಾಳ ಕೆಟ್ಟ ಅನಿಸಾಕತ್ತೈತಿ. ಗಾಡಿ ಎತ್ತಿ ಇಟ್ಟೀನಿ, ನಾಕ ಸಿಮೆಂಟ್ ಬ್ಲಾಕಿನ ಮ್ಯಾಲೆ. ಇವತ್ತ ರಾತ್ರಿ ಗಾಲಿ ಬಿಚ್ಚಿ ಕಿಂಗ್‌ಪಿನ್ ನೋಡ್ತೀನಿ.

ಉದ್ಯಮಬಾಗ್ ಲೇತ್, ಬೆಳಗಾವಿ
ಸಿಮೆಂಟ್ ಬ್ಲಾಕ್ ಅಂದ್ರೇನು? ಕೆಳಗ ಹೋಗಬ್ಯಾಡ. ಈಗ ಕೆಳಗ ಇದ್ರ ಹೊರಗ ಬಾ.

ಆ ಬ್ಲಾಕಿಗೆ ಮುನ್ಸೂಚನೆ ಅಂತ ಇರಂಗಿಲ್ಲ. ಕಟ್ಟಿಗಿ ಆದ್ರ ಚುರ್ ಅಂತೈತಿ, ಬಗ್ಗತೈತಿ, ಹೊರಗ ಬರಾಕ ಟೈಮ್ ಸಿಗತೈತಿ. ಬ್ಲಾಕ್ ಸುಮ್ನ ಇದ್ದದ್ದು ಒಮ್ಮೆಲೆ ಪುಡಿ ಆಗತೈತಿ. ನಮ್ಮ ಓಣ್ಯಾಗ ಒಬ್ಬ ಹುಡುಗ ಟೆಂಪೋ ಕೆಳಗ ಇದ್ದಾಗ ಹಂಗ ಆತು, ಗಾಲಿ ಬಿಚ್ಚಿ ಚಾಸಿ ಕೆಳಗ ಇಟ್ಟಿದ್ದ, ಅದ ಒಂದ್ ಗಾಲಿ ಅವನ್ನ ಉಳಿಸ್ತು, ಆದ್ರ ಬಲಗೈ ಮಣಿಕಟ್ಟು ಇನ್ನೂ ಪೂರಾ ತಿರುಗಂಗಿಲ್ಲ. ನಾನ ಜಾಕ್ ಹಚ್ಚಿ ಹೊರಗ ಎಳದವ. ಅವತ್ತಿನಿಂದ ಬ್ಲಾಕ್ ಅನ್ನೋ ಶಬ್ದ ಕೇಳಿದ್ರ ನನಗ ಮೈ ಜುಮ್ ಅಂತೈತಿ.

ಸ್ಟ್ಯಾಂಡ್ ತರೋತನಕ ಮುಟ್ಟಬ್ಯಾಡ. ದಪ್ಪ ಬೇವಿನ ತುಂಡ ಇದ್ರ ಅಡ್ಡ ಉದ್ದ ಒಂದರ ಮ್ಯಾಲೊಂದು ಪೇರ್ಸು, ಬಿಚ್ಚಿದ ಗಾಲಿ ಚಾಸಿ ಕೆಳಗ ತಳ್ಳು, ಹಿಂದಿನ ಗಾಲಿಗೆ ಕಲ್ಲ ಕೊಡು.

ಡೋಣಿದಂಡಿ
ಇಳಿಸೀನಿ ಅಣ್ಣಾ. ಎರಡ್ ಸ್ಟ್ಯಾಂಡ್ ನಾಳಿ ತರ್ತೀನಿ. ಥ್ಯಾಂಕ್ಸ್ರಿ.

ಹುನಗುಂದ 4 ಬೈ 4
ಈ ಶ್ಯಾಕಲ್ಲು ಟಾಯರು ಎಲ್ಲಾ ಆರ್‌ಟಿಒ ಕಾನೂನಿಗೆ ಸರಿನಾ? ನಂದೂ ಆರ್‌ಸಿ ರಿನ್ಯೂ ಬಂದೈತಿ.

ಪಾನಾ ಪಕ್ಕಡ, ಬೆಳಗಾವಿ
ಸರಿ ಇಲ್ಲ. ಮೋಟಾರು ವಾಹನ ಕಾಯ್ದೆ ಕಲಂ 52, ಕಂಪನಿ ಕೊಟ್ಟ ವಿವರಕ್ಕ ವಿರುದ್ಧ ಬದಲಿ ಮಾಡಂಗಿಲ್ಲ. 2019ರ ಜನವರಿದಾಗ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡೀತು. 182ಎ ಪ್ರಕಾರ ಒಂದೊಂದ್ ಬದಲಾವಣಿಗೆ 5000 ದಂಡ, ಆರ್ ತಿಂಗಳ ತನಕ ಜೈಲೂ ಬರ್ದಾರ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ತಪಾಸಣೆ ಇದ್ದೇ ಇರತೈತಿ.

ಜಮಖಂಡಿ ಜಿಪ್ಸಿ
ಹಂಗಂದ್ರ ಯಾರೂ ಏನೂ ಮಾಡಬಾರ್ದಾ? ರೈತ ತನ್ನ ಗಾಡಿ ತನ್ನ ಹೊಲದಾಗ ಓಡ್ಸಿದ್ರ ಯಾರಿಗೆ ತ್ರಾಸು?

ಉದ್ಯಮಬಾಗ್ ಲೇತ್, ಬೆಳಗಾವಿ
ಹೊಲದಾಗ ಓಡ್ಸು. ಡೋಣಿದಂಡಿಗೆ ಆಗಿದ್ದು ಸಿಂದಗಿ ರೋಡಿನ್ಯಾಗ, ಎದುರ ಬಸ್ ಬರ್ತಾವ.

ಜಮಖಂಡಿ ಜಿಪ್ಸಿ
ಅದೂ ಖರೆ. ಮತ್ತ ಒಂದ್ ಹೇಳ್ತೀನಿ, ಪಾನಾ ಪಕ್ಕಡ ಅಣ್ಣಾ ಹೇಳಿದಂಗ ಡ್ಯಾಂಪರ್ ಕಳಚಿ ಗಾಲಿ ಅಲಗಾಡ್ಸಿದೆ. ಬಲಗಾಲಿ ಬ್ರೇಕ್ ತುಳದ್ರೂ ಟಕ್ ಟಕ್ ಅಂತೈತಿ. ಎರಡ್ ವರ್ಷ ಹಿಂಗ ಓಡ್ಸೀನಿ ಅಂತಾತು. ನಂದೂ ಬಿಚ್ಚಬೇಕು. ಡೋಣಿದಂಡಿ, ನೀ ಬಿಚ್ಚಿದ್ದು ಪೂರಾ ಬರಿ, ಏನೂ ಬಿಡಬ್ಯಾಡ.

ಡೋಣಿದಂಡಿ
ನಾಕ ದಿನ ಆತು ಬರ್ಯಾಕ ಆಗಿಲ್ಲ, ಈಗ ಎಲ್ಲಾ ಹೇಳ್ತೀನಿ.

ಸ್ಟ್ಯಾಂಡ್ ತಂದೆ. ಎರಡೂ ಕಡೆ 12-6 ಆಟ ಇತ್ತು, ಬ್ರೇಕ್ ತುಳದ್ರೂ ಎಡಗಾಲಿದು ಹೋಗ್ಲಿಲ್ಲ. ಕ್ಯಾಲಿಪರ್ ತಗದು ತಂತಿಲೆ ಮ್ಯಾಲೆ ಕಟ್ಟಿದೆ, ಬ್ರೇಕ್ ಹೋಸ್ ಮ್ಯಾಲೆ ಭಾರ ಬೀಳಬಾರ್ದಂತ. ಹಬ್, ಸ್ಪಿಂಡಲ್, ಆಮ್ಯಾಲೆ ಶಾಫ್ಟ್ ಎಳದೆ. ನಕಲ್ ಅಂದ್ರ ಕಿಂಗ್‌ಪಿನ್ ಮ್ಯಾಲೆ ತಿರುಗೋ ಗೆಣ್ಣು, ಅದರ ಹಿಂದಿನ ಸೀಲ್ ಇತ್ತಲ್ಲ, ಫೆಲ್ಟು, ಅದು ಕೈಗೆ ಪುಡಿಪುಡಿ ಆಗಿ ಬಂತು. ಒಳಗ ಗ್ರೀಸ್ ಅನ್ನೋದು ಗ್ರೀಸ್ ಆಗಿ ಉಳದಿಲ್ಲ, ನೀರು ಆಯಲ್ಲು ಕೂಡಿ ಅಂಬಲಿ ಆಗೇತಿ. ಡೋಣಿ ಹಳ್ಳ ದಾಟಿದ ಫಲ, ಆ ಉಪ್ಪ ನೀರು ನಿಮಗ ಗೊತ್ತ ಐತಿ.

ಮ್ಯಾಲಿನ ಕಿಂಗ್‌ಪಿನ್ ನಾಕ ಬೋಲ್ಟ್ ಬಿಚ್ಚಿ, ಕೆಳಗಿಂದೂ ಬಿಚ್ಚಿ, ನಕಲ್ ಕೆಳಗ ಇಳಿಸಿದೆ. ಕೆಳಗಿನ ಬೇರಿಂಗ್ ಕೈಯಾಗ ಬಂದಾಗ ಎರಡ್ ರೋಲರ್ ಜಾರಿ ನೆಲಕ್ಕ ಬಿದ್ವು. ಕಪ್ (ರೋಲರ್ ಓಡೋ ಹೊರಗಿನ ಬಳಿ) ಡೀಸೆಲ್ಲಿನ್ಯಾಗ ತೊಳದು ಬಿಸಿಲಿಗೆ ಹಿಡದು ನೋಡಿದ್ರ ಒಂದ ಜಾಗಾದಾಗ ಸಾಲಾಗಿ ಗೆರಿ ಬಿದ್ದಾವ, ಉಗುರು ಎಳದ್ರ ಟಿಕ್ ಟಿಕ್ ಅಂತ ಸಿಗತಾವ. ಗಾಲಿ ನೆಟ್ಟಗಿದ್ದಾಗ ರೋಲರ್ ಕುಂದ್ರೋ ಜಾಗಾನ ಅದು. ಅವ್ವ ಹಿತ್ತಲದಾಗ ಕುಂತು ಕಡಲಿ ಸೊಪ್ಪು ಸೋಸಾಕತ್ತಿದ್ಳು, ಆಕಿ ಕೈಯಾಗ ಕೊಟ್ಟೆ, ಉಗುರಿಲೆ ನೋಡಿ "ಬೀಸೋಕಲ್ಲಿಗೆ ಮುಳ್ಳ ಹೊಡದಂಗ ಐತೆಲ್ಲೋ" ಅಂದ್ಳು. ಖರೆ ಹಂಗ ಐತಿ.

ಕ್ಯಾಸ್ಟರೂ ಅಳದೆ. ದೋಸ್ತನ ಜಿಪ್ಸಿ ಏನೂ ಮುಟ್ಟದ್ದು, ಅದ ಶೆಡ್ಡಿನ್ಯಾಗ ನಿಲ್ಲಿಸಿ ಫೋನಿಲೆ ನೋಡಿದ್ರ ಮೂರೂವರಿ ಡಿಗ್ರಿ ಹತ್ರ. ನಂದು ಅರ್ಧ ಡಿಗ್ರಿನೂ ಪೂರಾ ಇಲ್ಲ. ಖಾನಾಪುರದ ಮಳಿ, ನೀವ್ ಹೇಳಿದ್ದ ಬರೋಬ್ಬರಿ.

ಪಾನಾ ಪಕ್ಕಡ, ಬೆಳಗಾವಿ
ಸಿಕ್ತ ನೋಡು ಕಳ್ಳ. ನಾಕೂ ಬೇರಿಂಗ್ ಬದಲಿ ಮಾಡು, ಕಪ್ ಸಮೇತ, ಹಳೇ ಕಪ್ಪಿಗೆ ಹೊಸ ಬೇರಿಂಗ್ ಕೂಡ್ಸಬ್ಯಾಡ. ಹೊಸ ಕಪ್ ಹೊಡ್ಯಾಗ ಹಳೇ ಕಪ್ ಮ್ಯಾಲಿಟ್ಟು ಹೊಡಿ, ಆದ್ರ ಮೊದ್ಲ ಅದರ ಹೊರಮೈ ಗ್ರೈಂಡರಿಗೆ ಸ್ವಲ್ಪ ಹಿಡಿ, ಇಲ್ಲಾಂದ್ರ ಅದೂ ಒಳಗ ಸಿಕ್ಕೊಂಡು ಕುಂದ್ರತೈತಿ. ಮ್ಯಾಲಿನ ಮುಚ್ಚಳದ ಕೆಳಗ ಶಿಮ್ (ತೆಳು ತಗಡಿನ ಬಿಲ್ಲಿ) ಇದ್ವಲ್ಲ, ಎಡಬಲ ಕಲಸಿಲ್ಲ ಹೌದಿಲ್ಲೋ?

ಡೋಣಿದಂಡಿ
ಇಲ್ಲ ಇಲ್ಲ, ಎಡಕಿನವು ಒಂದ್ ಡಬ್ಬಿ, ಬಲಕಿನವು ಒಂದ್ ಡಬ್ಬಿ. ಆದ್ರ ಎಷ್ಟ ಬಿಗಿ ಇರಬೇಕು? ಕೈ ಅಂದಾಜಿಗೆ ಬಿಡ್ಲಾ?

ಪಾನಾ ಪಕ್ಕಡ, ಬೆಳಗಾವಿ
ಕೈ ಅಂದಾಜು ಬ್ಯಾಡ. ಶಾಫ್ಟ್ ಹಾಕೋ ಮೊದ್ಲ, ಫೆಲ್ಟ್ ಸೀಲ್ ಹಾಕೋ ಮೊದ್ಲ, ಟೈ ರಾಡ್ ಕುಂದ್ರೋ ತೂತಿಗೆ ಸ್ಪ್ರಿಂಗ್ ಕಾಟಾ ಸಿಗಸಿ ಎಳಿ, ನಕಲ್ ಅಲಗಾಡೋ ಟೈಮಿಗೆ ಕಾಟಾ ಎಷ್ಟ ತೋರಿಸ್ತೈತಿ ನೋಡು. ಕಂಪನಿ ವರ್ಕ್‌ಶಾಪ್ ಮ್ಯಾನುಅಲ್ಲಿನ್ಯಾಗ ಲೆಕ್ಕ ಕೊಟ್ಟಾರ, ಅಷ್ಟಕ್ಕ ತರು. ಕಡಿಮಿ ಬಂದ್ರ ಒಂದ್ ಶಿಮ್ ತಗಿ, ಹೆಚ್ಚ ಬಂದ್ರ ಒಂದ್ ಹಾಕು. ಭಾಳ ಬಿಗಿ ಮಾಡಿದ್ರ ತಿರುವಿನ್ಯಾಗ ಸ್ಟೇರಿಂಗ್ ತಾನ ವಾಪಸ್ ಬರಂಗಿಲ್ಲ, ಬೇರಿಂಗೂ ಲಗೂನ ಹೋಗ್ತಾವ. ಮತ್ತ ಸ್ಟೇರಿಂಗ್ ಬಾಕ್ಸಿನ ಮ್ಯಾಲಿನ ಸ್ಕ್ರೂ ಯಾರ ಹೇಳಿದ್ರೂ ತಿರುವಬ್ಯಾಡ.

ಖಾನಾಪುರದ ಮಳಿ
ಅಂಬಲಿ ಅಂದ್ರೆಲ್ಲ, ಡಿಫರೆನ್ಷಿಯಲ್ ಆಯಲ್ಲೂ ನೋಡ್ರಿ. ಒಳಗಿನ ಸೀಲ್ ಹೋಗಿದ್ರ ಆಯಲ್ ನಕಲಿಗೆ ಬರತೈತಿ. ಚಾದ ಬಣ್ಣ ಬಂದಿದ್ರ ಅದ್ರಾಗೂ ನೀರ ಹೊಕ್ಕೈತಿ. ನಮ್ಮ ಕಡೆ ಕಣಕುಂಬಿ ಮಳ್ಯಾಗ ಇದು ದಿನಾ ಕಾಣೋದು. ಆಕ್ಸಲ್ ಕಾದಿರತೈತಿ, ತಣ್ಣನ ನೀರಿಗೆ ಇಳಿಸಿದ್ರ ಒಳಗಿನ ಗಾಳಿ ಕುಗ್ಗತೈತಿ, ಬ್ರೀದರ್ (ಆಕ್ಸಲ್ಲಿಗೆ ಗಾಳಿ ಆಡೋ ತೂತು) ಮಣ್ಣ ತುಂಬಿ ಮುಚ್ಚಿದ್ರ ಸೀಲಿನಿಂದ ನೀರ ಎಳಕೋತೈತಿ. ಬ್ರೀದರ್ ಬಿಚ್ಚಿ ಪೈಪ್ ಹಾಕಿ ಬಾನೆಟ್ ಒಳಗ ಎತ್ತರಕ್ಕ ಕಟ್ರಿ, ಆ ಒಂದ್ ಮೀಟರ್ ಪೈಪಿಗೆ ಆಗೋ ಖರ್ಚು ಏನೂ ಅಲ್ಲ. ಹಳ್ಳಕ್ಕ ಇಳಿಯೋ ಮೊದ್ಲ ಹತ್ತ ನಿಮಿಷ ನಿಂದ್ರರಿ, ಆರಲಿ.

ಹುನಗುಂದ 4 ಬೈ 4
ಒಂದ್ ಮೀಟರ್ ಪೈಪು, ಬರಕೊಂಡೆ.

ಇಳಕಲ್ಲ ಕೆಂಪಗಲ್ಲು
ಮತ್ತ ಪಾಟಾಕ್ಕ ಎಲ್ಲೂ ವೆಲ್ಡಿಂಗ್ ಹೊಡೀಬ್ಯಾಡ್ರಿ, ಕಾದ್ರ ಅದರ ಹದ ಹೋಗ್ತೈತಿ, ವೆಲ್ಡಿಂಗಿನ ಬಾಜೂಕ ಮುರೀತೈತಿ. ಚಾಸಿಗೆ ವೆಲ್ಡಿಂಗ್ ಇದ್ರ ಬ್ಯಾಟರಿ ಎರಡೂ ವೈರ್ ಬಿಚ್ಚಿ, ಅರ್ಥ್ ಕ್ಲ್ಯಾಂಪ್ ವೆಲ್ಡಿಂಗ್ ಹತ್ರಾನ ಹಿಡೀರಿ. ದೂರ ಹಿಡದ್ರ ಕರೆಂಟ್ ಬೇರಿಂಗಿನ್ಯಾಗಿಂದ ಹೋಗಿ ಅವಕ್ಕ ಚುಕ್ಕಿ ಬೀಳ್ತಾವ.

ಡೋಣಿದಂಡಿ
ಮುಗೀತ್ರಿ. ಬೇರಿಂಗ್ ನಾಕೂ ಹೊಸಾವು, ಎಲ್ಲಾ ಸೀಲ್ ಹೊಸಾವು. ಕಾಟಾ ನಮ್ಮ ಮನ್ಯಾಗ ಉಳ್ಳಾಗಡ್ಡಿ ತೂಗೋದ ಇತ್ತು. ಎಡಗಡೆ ಮೊದ್ಲ ಬಿಗಿ ಬಂತು, ಒಂದ್ ಶಿಮ್ ಹಾಕಿದ ಮ್ಯಾಲೆ ಬರೋಬ್ಬರಿ ಕುಂತಿತು. ಡಿಫರೆನ್ಷಿಯಲ್ ಆಯಲ್ ಪೂರಾ ಚಾನ ಆಗಿತ್ತು, ಎರಡ್ ಸಲ ಹಾಕಿ ತಗದು ಮೂರನೇದ್ದು ಇಟ್ಟೀನಿ. ಶ್ಯಾಕಲ್ ನಾಕೂ ಕಂಪನಿವ ವಾಪಸ್, ಹೊಸ ಬುಷ್. 235 ಟಾಯರ್ ಬಿಚ್ಚಿ ಹಳೇ 205 ಹಾಕೀನಿ, ಅವು ಇನ್ನ ಎರಡ್ ವರ್ಷ ಬರ್ತಾವ.

ನಿನ್ನೆ ಮುಂಜಾನಿ ಒಬ್ಬನ ಸಿಂದಗಿ ರೋಡಿಗೆ ಒಯ್ದೆ. ಅದ ತಗ್ಗು, ಬೇಕಂತ ಎಡಗಾಲಿ ಇಳಿಸಿದೆ, 50ಕ್ಕ, 60ಕ್ಕ, 70ಕ್ಕ. ಸ್ಟೇರಿಂಗ್ ಒಂದ್ ಸಲ ಝಾಡಿಸಿ ಸುಮ್ನಾತು. ವಾಪಸ್ ಬಂದು ಹೆಂಡ್ತೀನ್ನ ಕೂಡಿಸ್ಕೊಂಡು ಇನ್ನೊಂದ್ ಸಲ ಹೋದೆ. ಮೊದ್ಲ ಬಾಗಲ ಹಿಡಿಕಿ ಬಿಟ್ಟಿರಲಿಲ್ಲ, ವಾಪಸ್ ಬರೋಮುಂದ ಬಿಟ್ಟಿದ್ಳು.

ಉದ್ಯಮಬಾಗ್ ಲೇತ್, ಬೆಳಗಾವಿ
ಚೊಲೋ ಆತು ತಮ್ಮಾ. ನೂರು ಕಿಲೋಮೀಟರ್ ಆದ್ಮ್ಯಾಲೆ ಯು ಬೋಲ್ಟ್, ಕಿಂಗ್‌ಪಿನ್ ಬೋಲ್ಟ್ ಎಲ್ಲಾ ಇನ್ನೊಮ್ಮೆ ಬಿಗಿ ನೋಡು, ಮರೀಬ್ಯಾಡ.

ಮುಧೋಳ ಕಬ್ಬು
ಆ ಉದ್ದ ಶ್ಯಾಕಲ್ ಮಾರ್ತೀಯೇನು?

ಡೋಣಿದಂಡಿ
ಇಲ್ಲ. ಯಾರಿಗೂ ಕೊಡಂಗಿಲ್ಲ, ನಡಕ ಕಟ್ ಮಾಡಿ ಗುಜರಿಗೆ ಹಾಕೀನಿ. ಟಾಯರ್ ಬೇಕಂದ್ರ ಹೇಳ್ರಿ.

ಎರಿಹೊಲ, ಬಸವನ ಬಾಗೇವಾಡಿ
ಎಳ್ಳ ಅಮಾಸಿ ಹೆಂಗಾತು? ಹಳ್ಳದಾಗ ನೀರ ಇತ್ತೋ?

ಡೋಣಿದಂಡಿ
ಗಾಲಿ ಅರ್ಧದಷ್ಟು ಇತ್ತು ಅಣ್ಣಾ. ದಂಡ್ಯಾಗ ಹತ್ತ ನಿಮಿಷ ನಿಲ್ಲಿಸಿದೆ, ಮನಿಮಂದಿ ಯಾಕ ನಿಂತಿ ಅಂತ ಕೇಳಿದ್ರು, ಆಕ್ಸಲ್ ಆರಬೇಕು ಅಂದೆ. 4 ಲೋ ಹಾಕಿ ಸಾವಕಾಶ ದಾಟಿದ್ವಿ. ಜ್ವಾಳ ಎದಿಮಟ ಬಂದೈತಿ ಈ ವರ್ಷ. ಸಜ್ಜಿ ಕಡಬು, ಪುಂಡಿಪಲ್ಲೆ, ಎಣ್ಣಿಗಾಯಿ, ಎಲ್ಲಾ ಹೊಲದಾಗ ಕುಂತು ಉಂಡ್ವಿ. ಅಪ್ಪ ಚರಗ ಚೆಲ್ಲಕೋತ ಹುಲ್ಲುಲ್ಲಿಗೋ ಅಂದಾಗ ಸಣ್ಣಾಕಿ ಜಿಪ್ಸಿ ಸೀಟಿನ ಮ್ಯಾಲೆ ನಿಂತು ಜೋರಾಗಿ ಚಲಾಂಬರಿಗೋ ಅಂದ್ಳು.

ಜಮಖಂಡಿ ಜಿಪ್ಸಿ
ನಾನೂ ಇವತ್ತ ಬಲಗಡೆ ಬಿಚ್ಚಿ ಇಟ್ಟೀನಿ. ಕೆಳಗಿನ ಕಪ್ ಹೊರಗ ಬರವಲ್ದು, ಹಿಡಿಯಾಕ ಅಂಚ ಇಲ್ಲ. ಯಾರರ ಇದ್ರ ಹೇಳ್ರಿ, ಹಿಂದಿನಿಂದ ಹೊಡೀಬೇಕೋ ಹೆಂಗ?

ಪಾನಾ ಪಕ್ಕಡ, ಬೆಳಗಾವಿ
ಕಪ್ಪಿನ ಒಳಗ ಸುತ್ತಲೂ ಸಣ್ಣ ವೆಲ್ಡಿಂಗ್ ಗೆರಿ ಹಾಕು, ಆರಿದ್ರ ತಾನ ಕುಗ್ಗಿ ಸಡ್ಲ ಆಗತೈತಿ. ಬ್ಯಾಟರಿ ವೈರ್ ಬಿಚ್ಚಿದ ಮ್ಯಾಲೆ, ಗ್ರೀಸ್ ಎಲ್ಲಾ ಒರಸಿದ ಮ್ಯಾಲೆ. ಸ್ಟ್ಯಾಂಡ್ ಮ್ಯಾಲೆ ಐತಿಲ್ಲೋ ಗಾಡಿ?

ಜಮಖಂಡಿ ಜಿಪ್ಸಿ
ಸ್ಟ್ಯಾಂಡ್ ಮ್ಯಾಲೇ ಐತಿ. ಗಾಲೀನೂ ಚಾಸಿ ಕೆಳಗ ತಳ್ಳೀನಿ.